ಪಿನ್ ಕೂತರೆ ಸಾಲದು: ಲ್ಯಾಪ್‌ಟಾಪ್‌ಗೆ ಬೇರೆ ಚಾರ್ಜರ್ ಕೊಳ್ಳುವವರು ನೋಡಬೇಕಾದ್ದು

ಲ್ಯಾಪ್‌ಟಾಪ್ ಚಾರ್ಜರ್ ಕೈಕೊಡುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ. ವೈರು ಅಲ್ಲಿ ಮಡಿಚಿ ಮಡಿಚಿ ಒಳಗೇ ತುಂಡಾಗುತ್ತದೆ. ಸ್ವಲ್ಪ ದಿನ ಓರೆ ಹಿಡಿದು, ಟೇಪ್ ಸುತ್ತಿ ಕಾಲ ತಳ್ಳುತ್ತೇವೆ. ಆಮೇಲೆ ಒಂದು ದಿನ ಪೂರ್ತಿ ನಿಂತುಹೋಗುತ್ತದೆ, ಅದೂ ಪರೀಕ್ಷೆಯ ಹಿಂದಿನ ದಿನವೋ ಆಫೀಸಿನ ಕೆಲಸ ಒಪ್ಪಿಸಬೇಕಾದ ರಾತ್ರಿಯೋ. ಹತ್ತಿರದ ಅಂಗಡಿಗೆ ಓಡುತ್ತೇವೆ. ಅಂಗಡಿಯವರು ಕಪಾಟಿನಿಂದ ನಾಲ್ಕು ಚಾರ್ಜರ್ ತೆಗೆದು ಒಂದೊಂದೇ ಪಿನ್ ತೂರಿಸಿ ನೋಡುತ್ತಾರೆ. ಒಂದು ಕೂರುತ್ತದೆ, ಲೈಟ್ ಹತ್ತುತ್ತದೆ. "ನೋಡಿ ಸರ್, ಸೇಮ್ ಪಿನ್ನು. ಕಂಪನಿದಾದ್ರೆ ಎರಡು ಸಾವಿರದ ಮೇಲಾಗುತ್ತೆ, ಇದು ಆರುನೂರು." ಅಷ್ಟಕ್ಕೆ ವ್ಯಾಪಾರ ಮುಗಿಯುತ್ತದೆ.

ಆ ಪರೀಕ್ಷೆಯಲ್ಲಿ ತಿಳಿದದ್ದು ತೂತಿನ ಅಳತೆ ಮಾತ್ರ. ಲ್ಯಾಪ್‌ಟಾಪ್ ರಿಪೇರಿಯೇ ನನ್ನ ಕೆಲಸ. "ಆನ್ ಆಗ್ತಾನೇ ಇಲ್ಲ" ಎಂದು ಬರುವ ಯಂತ್ರಗಳ ಜೊತೆಗೆ ಇಂಥ ಚಾರ್ಜರ್ ಬಂದಾಗಲೆಲ್ಲ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ. ಬೇರೆ ಕಂಪನಿಯ ಚಾರ್ಜರ್ ಎಂದಕೂಡಲೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹೊರಗಿನ ಕಂಪನಿಗಳಲ್ಲೂ ಚೆನ್ನಾಗಿ ಮಾಡುವವರಿದ್ದಾರೆ. ಯಾವುದು ಚೆನ್ನ, ಯಾವುದು ಅಪಾಯ ಎಂದು ಅಂಗಡಿಯ ಕೌಂಟರಿನಲ್ಲೇ ನಿಂತು ಬಹುಪಾಲು ಕಂಡುಹಿಡಿಯಬಹುದು.

ಅಗ್ಗದ ಅಡಾಪ್ಟರ್ ಒಳಗೆ

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಎಸಿ. ಅಡಾಪ್ಟರ್ ಅದನ್ನು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತಾ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ 19 ಅಥವಾ 20 ವೋಲ್ಟ್‌ಗೆ ಇಳಿಸುತ್ತದೆ. ಅಂಗೈಯಗಲದ ಆ ಡಬ್ಬಿಯೊಳಗೆ ಒಂದು ಬದಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್, ಇನ್ನೊಂದು ಬದಿ ನಾವು ಮುಟ್ಟುವ ಲ್ಯಾಪ್‌ಟಾಪ್‌ಗೆ ಹೋಗುವ ತಂತಿ. ಇವೆರಡು ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುವುದಕ್ಕೇ ಒಳ್ಳೆಯ ಚಾರ್ಜರ್‌ನ ಬೆಲೆಯ ದೊಡ್ಡ ಪಾಲು ಹೋಗುತ್ತದೆ.

90 ವ್ಯಾಟ್ ಎಂದು ಬರೆದ ಒಂದು ಅಗ್ಗದ ಅಡಾಪ್ಟರನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟಿದ್ದೇನೆ, ಬಂದವರಿಗೆ ತೋರಿಸಲಿಕ್ಕೆ. ಬೋರ್ಡಿನ ಮೇಲೆ ಫ್ಯೂಸ್ ಕೂರಬೇಕಾದ ಜಾಗವನ್ನು ಗುರುತು ಹಾಕಿ ಬಿಟ್ಟಿದ್ದಾರೆ, ಫ್ಯೂಸ್ ಇಲ್ಲ. ಆ ಎರಡು ತೂತಿಗೆ ಒಂದು ತುಂಡು ತಂತಿ ಬೆಸೆದಿದ್ದಾರೆ. ಕರೆಂಟಿನ ಗದ್ದಲ, ಅಂದರೆ ಬೇಡದ ಏರಿಳಿತ, ಸೋಸುವ ಕಾಯಿಲ್ ಇರಬೇಕಾದಲ್ಲಿ ಇನ್ನೆರಡು ತಂತಿ. ಎರಡು ಬದಿಯನ್ನೂ ದಾಟಿ ಕೂರುವ ಕೆಪಾಸಿಟರ್ ಸುರಕ್ಷತೆಗೆಂದೇ ತಯಾರಾದ 'ವೈ' ವರ್ಗದ್ದಾಗಿರಬೇಕು, ಅದರ ಮೈಮೇಲೆ ಮಾನ್ಯತೆಯ ಗುರುತುಗಳಿರುತ್ತವೆ. ಇಲ್ಲಿರುವುದು ಯಾವ ಗುರುತೂ ಇಲ್ಲದ ಸಾಧಾರಣ ಬಿಲ್ಲೆ. ಅದೊಂದು ಶಾರ್ಟ್ ಆದರೆ ಆ 325 ವೋಲ್ಟ್ ನೇರ ಲ್ಯಾಪ್‌ಟಾಪ್‌ನ ಲೋಹದ ಮೈಗೆ ಬರುತ್ತದೆ. ಬೋರ್ಡಿನ ತಳದಲ್ಲಿ ಎರಡು ಬದಿಯ ತಾಮ್ರದ ನಡುವಿನ ಅಂತರ ಬೆಂಕಿಕಡ್ಡಿಯ ದಪ್ಪಕ್ಕಿಂತ ಕಡಿಮೆ. ಸುರಕ್ಷತಾ ಮಾನದಂಡಗಳು ಅಲ್ಲಿ 5 ಮಿಲಿಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ಬಯಸುತ್ತವೆ. ಮಳೆಗಾಲದ ತೇವ, ಒಂದಿಷ್ಟು ಧೂಳು ಸೇರಿದರೆ ಆ ಅಂತರ ಕರೆಂಟನ್ನು ತಡೆಯುವಂಥದ್ದಲ್ಲ.

ಹೊರಗಿಂದ ನೋಡಿದರೆ ಇದಕ್ಕೂ ಒರಿಜಿನಲ್‌ಗೂ ವ್ಯತ್ಯಾಸವೇ ಕಾಣದು. ಆದ್ದರಿಂದ ಹೊರಗಿಂದಲೇ ಏನೇನು ಹಿಡಿಯಬಹುದೋ ಅದನ್ನು ಒಂದೊಂದಾಗಿ ನೋಡೋಣ.

ಹಂತ 1: ಹಳೆಯ ಚಾರ್ಜರ್‌ನ ಲೇಬಲ್ ಫೋಟೋ ತೆಗೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಕೆಟ್ಟ ಚಾರ್ಜರ್‌ನ ತಳದ ಲೇಬಲ್ಲನ್ನು ಫೋನಿನಲ್ಲಿ ಹಿಡಿದಿಡಿ. ಅದರಲ್ಲಿ 'ಔಟ್‌ಪುಟ್' ಎಂದಿರುವ ಸಾಲು ಮುಖ್ಯ. ಉದಾಹರಣೆಗೆ 19.5 ವೋಲ್ಟ್, 3.34 ಆಂಪಿಯರ್. ಎರಡನ್ನೂ ಗುಣಿಸಿದರೆ 65 ವ್ಯಾಟ್. 19.5 ವೋಲ್ಟ್, 4.62 ಆಂಪಿಯರ್ ಆದರೆ 90 ವ್ಯಾಟ್. ಲೆನೊವೊದಲ್ಲಿ 20 ವೋಲ್ಟ್, 3.25 ಆಂಪಿಯರ್ ಸಾಮಾನ್ಯ, ಏಸರ್‌ನಲ್ಲಿ 19 ವೋಲ್ಟ್, 3.42 ಆಂಪಿಯರ್, ಎರಡೂ 65 ವ್ಯಾಟ್‌ನವೇ. ಲೇಬಲ್ ಅಳಿಸಿಹೋಗಿದ್ದರೆ ಲ್ಯಾಪ್‌ಟಾಪ್‌ನ ತಳದಲ್ಲೂ ಇದೇ ಅಂಕಿ ಇರುತ್ತದೆ.

ವೋಲ್ಟ್ ಹೊಂದಲೇಬೇಕು. 19ಕ್ಕೂ 19.5ಕ್ಕೂ ಇರುವಷ್ಟು ಅಂತರವನ್ನು ಬಹುತೇಕ ಲ್ಯಾಪ್‌ಟಾಪ್‌ಗಳು ತಡೆದುಕೊಳ್ಳುತ್ತವೆ, ಅದಕ್ಕಿಂತ ಆಚೆ ಹೋಗಬೇಡಿ. ಆಂಪಿಯರ್ ಸಮ ಇರಬೇಕು ಅಥವಾ ಹೆಚ್ಚಿರಬೇಕು. ಹೆಚ್ಚಿದ್ದರೆ ಕೆಡುಕಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ತೊಂದರೆ ಕಡಿಮೆ ಇದ್ದಾಗ. 90 ವ್ಯಾಟ್ ಬೇಡುವ ಯಂತ್ರಕ್ಕೆ 65ರದ್ದು ಹಾಕಿದರೆ ಅಡಾಪ್ಟರ್ ಸದಾ ತನ್ನ ಮಿತಿಯ ತುದಿಯಲ್ಲಿ ದುಡಿಯುತ್ತಾ ಸುಡುತ್ತದೆ, ಇಲ್ಲವೇ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಎಂಟು-ಹತ್ತು ಬಗೆಯ ಪಿನ್ ಜೊತೆಗೆ, ವೋಲ್ಟೇಜ್ ಬದಲಿಸುವ ಸ್ವಿಚ್ ಇಟ್ಟುಕೊಂಡು ಬರುವ 'ಯೂನಿವರ್ಸಲ್' ಚಾರ್ಜರ್‌ಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಸ್ವಿಚ್ ಒಂದು ಮೆಟ್ಟಿಲು ಆಚೆ ಜರುಗಿದರೆ 24 ವೋಲ್ಟ್ ಹೋಗಬಹುದು. ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ.

ಹಂತ 2: ಪಿನ್ನಿನ ನಡುವೆ ಸೂಜಿ ಇದೆಯೇ ನೋಡಿ

ಜನ ಅತಿ ಹೆಚ್ಚು ಮೋಸಹೋಗುವ ಜಾಗ ಇದು. ಡೆಲ್, ಎಚ್‌ಪಿ ಚಾರ್ಜರ್‌ಗಳ ದುಂಡು ಪಿನ್ನಿನ ಒಳಗೆ ಇಣುಕಿದರೆ ನಡುವೆ ತೆಳ್ಳನೆಯ ಸೂಜಿ ಕಾಣುತ್ತದೆ. ಅದು ಕರೆಂಟ್ ಸಾಗಿಸುವುದಕ್ಕಲ್ಲ, ಗುರುತು ಹೇಳುವುದಕ್ಕೆ. ಡೆಲ್ ಅಡಾಪ್ಟರ್‌ನಲ್ಲಿ ಒಂದು ಪುಟ್ಟ ಚಿಪ್ ಇದ್ದು, "ನಾನು ಇಷ್ಟು ವ್ಯಾಟ್‌ನವನು" ಎಂದು ಆ ಸೂಜಿಯ ಮೂಲಕ ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಉತ್ತರ ಬಾರದಿದ್ದರೆ ಲ್ಯಾಪ್‌ಟಾಪ್ ಆನ್ ಆಗುವಾಗಲೇ ಅಡಾಪ್ಟರ್ ಯಾವುದೆಂದು ತಿಳಿಯುತ್ತಿಲ್ಲ ಎಂಬ ಎಚ್ಚರಿಕೆ ತೋರಿಸಿ, ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರ್ ವೇಗವನ್ನೂ ಇಳಿಸಿಬಿಡುತ್ತದೆ. "ವಿಂಡೋಸ್ ತುಂಬಾ ಸ್ಲೋ ಆಗಿದೆ, ಫಾರ್ಮ್ಯಾಟ್ ಮಾಡಿಕೊಡಿ ಸರ್" ಎಂದು ತರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಫಾರ್ಮ್ಯಾಟ್ ಬೇಕೇ ಇರುವುದಿಲ್ಲ, ಸರಿಯಾದ ಚಾರ್ಜರ್ ಬೇಕಿರುತ್ತದೆ.

ಡೆಲ್‌ನ ಹಳೆಯ 7.4 ಮಿಲಿಮೀಟರ್ ಪಿನ್ ಮತ್ತು ಎಚ್‌ಪಿಯ ಹಳೆಯ ದಪ್ಪ ಪಿನ್ ಒಂದೇ ಅಳತೆಯವು. ಒಂದರದ್ದು ಇನ್ನೊಂದಕ್ಕೆ ಚೆನ್ನಾಗಿ ಕೂರುತ್ತದೆ, ಲೈಟೂ ಹತ್ತುತ್ತದೆ. ಆದರೆ ಗುರುತು ಹೇಳುವ ರೀತಿ ಬೇರೆ ಬೇರೆ. ಹಳೆಯ ಎಚ್‌ಪಿ ಅಡಾಪ್ಟರ್‌ಗಳಲ್ಲಿ ವೋಲ್ಟೇಜ್ ಕೂಡ 18.5 ಇರುವುದುಂಟು. ಅಂಗಡಿಯ "ಸೇಮ್ ಪಿನ್ನು" ಎಷ್ಟು ಟೊಳ್ಳು ಎಂಬುದಕ್ಕೆ ಇಷ್ಟೇ ಸಾಕು.

ಲೆನೊವೊದ ಚಪ್ಪಟೆ ಹಳದಿ ಪಿನ್ನಿನಲ್ಲೂ ಇಂಥ ಗುರುತಿನ ಏರ್ಪಾಡಿದೆ.

ಪರೀಕ್ಷೆ ಸುಲಭ. ಡೆಲ್ ಆದರೆ ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ, ಬ್ಯಾಟರಿ ವಿವರದ ಪುಟದಲ್ಲಿ ಎಸಿ ಅಡಾಪ್ಟರ್ ಎಷ್ಟು ವ್ಯಾಟ್ ಎಂದು ತೋರಿಸುತ್ತಿದೆ ನೋಡಿ. ಆಪಲ್ ಲ್ಯಾಪ್‌ಟಾಪ್ ಆದರೆ ಸಿಸ್ಟಮ್ ಇನ್ಫರ್ಮೇಶನ್‌ನ ಪವರ್ ವಿಭಾಗದಲ್ಲಿ ಸಿಗುತ್ತದೆ. ಅಲ್ಲಿ 'ಅನ್‌ನೋನ್' ಎಂದಿದ್ದರೆ ಅಥವಾ ಲೇಬಲ್ಲಿಗಿಂತ ಕಡಿಮೆ ಅಂಕಿ ಬಂದರೆ ಅಲ್ಲೇ ವಾಪಸ್ ಕೊಡಿ. ಈ ಪರೀಕ್ಷೆಯನ್ನು ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ಮಾಡಬೇಕು. ಅದಕ್ಕೇ ಲ್ಯಾಪ್‌ಟಾಪ್ ಜೊತೆಗೊಯ್ಯಿರಿ ಎನ್ನುವುದು.

ಹಂತ 3: ಆರ್-ನಂಬರ್ ಹುಡುಕಿ

ಭಾರತದಲ್ಲಿ ಕಂಪ್ಯೂಟರ್ ಉಪಕರಣಗಳ ಅಡಾಪ್ಟರ್‌ಗಳನ್ನು ಮಾರಬೇಕಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಬಿಐಎಸ್ ಗುರುತು ಇರಬೇಕು, ಜೊತೆಗೆ ಮಾನದಂಡದ ಸಂಖ್ಯೆ, ಮತ್ತು ಆರ್ ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ. ಮಾನದಂಡದ ಸಂಖ್ಯೆ ಹಲವು ಅಡಾಪ್ಟರ್‌ಗಳಲ್ಲಿ ಐಎಸ್ 13252 ಎಂದಿರುತ್ತದೆ.

ಗುರುತು ಇದ್ದರಷ್ಟೇ ಸಾಲದು, ಅದನ್ನು ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ. ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ. ಅದರಲ್ಲಿ ಆರ್-ನಂಬರ್ ಪರಿಶೀಲಿಸುವ ಆಯ್ಕೆ ಇದೆ. ನಂಬರ್ ಹೊಡೆದರೆ ಯಾವ ತಯಾರಕ, ಯಾವ ಊರು, ಯಾವ ವಸ್ತು, ಯಾವ ಬ್ರಾಂಡ್ ಎಂದು ಬರುತ್ತದೆ. ಬಂದ ಹೆಸರೂ ಕೈಯಲ್ಲಿರುವ ಲೇಬಲ್ಲಿನ ಹೆಸರೂ ಒಂದೇ ಆಗಿರಬೇಕು. ಎಲ್ಇಡಿ ಬಲ್ಬಿನದೋ ಪವರ್ ಬ್ಯಾಂಕಿನದೋ ನಂಬರ್ ಅಚ್ಚು ಹಾಕಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಮಾತು: ಒರಿಜಿನಲ್ ಡೆಲ್ ಅಥವಾ ಎಚ್‌ಪಿ ಅಡಾಪ್ಟರ್ ಮೇಲೂ ಡೆಲ್ಟಾ, ಲೈಟ್‌ಆನ್, ಚಿಕೋನಿ ಎಂಬ ಹೆಸರು ಕಂಡರೆ ಗಾಬರಿ ಬೇಡ. ಲ್ಯಾಪ್‌ಟಾಪ್ ಕಂಪನಿಗಳಿಗೆ ಅಡಾಪ್ಟರ್ ಮಾಡಿಕೊಡುವವರು ಇಂಥ ತಯಾರಕರೇ. ಸಂಶಯಪಡಬೇಕಾದ್ದು ಅಕ್ಷರ ತಪ್ಪಿರುವ ಲೇಬಲ್, ಉಗುರು ಕೆರೆದರೆ ಕಿತ್ತುಬರುವ ಸ್ಟಿಕ್ಕರ್, ತಯಾರಕರ ಹೆಸರೇ ಇಲ್ಲದ ಡಬ್ಬಿಗಳನ್ನು.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಳ್ಳುವವರಿಗೆ 'ಒರಿಜಿನಲ್', 'ಕಂಪ್ಯಾಟಿಬಲ್', 'ಎ ಗ್ರೇಡ್' ಎಂಬ ಮಾತುಗಳು ಕಿವಿಗೆ ಬೀಳುತ್ತಿರುತ್ತವೆ. ಇವು ವ್ಯಾಪಾರದ ಮಾತುಗಳು, ಯಾವ ಮಾನದಂಡವೂ ಇವುಗಳ ಹಿಂದಿಲ್ಲ. ಅದೇ ರಸ್ತೆಯಲ್ಲಿ ಒಳ್ಳೆಯ ಮಾಲು, ಸರಿಯಾದ ಬಿಲ್ಲು ಕೊಡುವ ಅಂಗಡಿಗಳೂ ಇವೆ. ಬಳಸಿದ ಲ್ಯಾಪ್‌ಟಾಪ್‌ಗಳ ಜೊತೆ ಬಂದ ಅಸಲಿ ಅಡಾಪ್ಟರ್‌ಗಳೂ ಸಿಗುತ್ತವೆ. ವೈರು ಗಟ್ಟಿಯಿದ್ದು, ಬಯೋಸ್ ಗುರುತು ಹಿಡಿದರೆ, ಹೊಸ ಡೂಪ್ಲಿಕೇಟ್‌ಗಿಂತ ಹಳೆಯ ಅಸಲಿಗೇ ನನ್ನ ಓಟು.

ಹಂತ 4: ಗೋಡೆಯಿಂದ ಅಡಾಪ್ಟರ್‌ವರೆಗಿನ ವೈರು

ಎಲ್ಲರೂ ಅಡಾಪ್ಟರ್ ನೋಡುತ್ತಾರೆ, ಈ ವೈರನ್ನು ಯಾರೂ ನೋಡುವುದಿಲ್ಲ. ಎಷ್ಟೋ ಅಗ್ಗದ ವೈರುಗಳ ಪ್ಲಗ್ಗಿನಲ್ಲಿ ಮೂರು ಕಾಲು ಇರುತ್ತದೆ, ಒಳಗೆ ಇರುವುದು ಎರಡೇ ತಂತಿ. ಮೇಲಿನ ದಪ್ಪ ಕಾಲು ಬರೀ ತೋರಿಕೆಗೆ. ಆ ದಪ್ಪ ಕಾಲೇ ಅರ್ಥಿಂಗ್.

ಲ್ಯಾಪ್‌ಟಾಪ್‌ನ ಲೋಹದ ಮೈ ಮೇಲೆ ಕೈಯಾಡಿಸಿದರೆ ಜುಮುಜುಮು ಎನ್ನುತ್ತದೆ ಎಂದು ಹಲವರು ದೂರುತ್ತಾರೆ. ಆ 'ವೈ' ಕೆಪಾಸಿಟರ್ ಮೂಲಕ ಸೋರುವ ಅತಿ ಸಣ್ಣ ಕರೆಂಟ್ ಅದು. ಒಳ್ಳೆಯ ಚಾರ್ಜರ್‌ನಲ್ಲೂ ಅಷ್ಟಿಷ್ಟು ಇರುತ್ತದೆ. ಎರಡು ಕಾಲಿನ ಅಡಾಪ್ಟರ್‌ಗಳಲ್ಲಿ ಅದು 0.25 ಮಿಲಿಆಂಪಿಯರ್ ಮೀರಬಾರದು ಎಂಬ ಮಿತಿಯಿದೆ. ಮೂರು ಕಾಲಿನದರಲ್ಲಿ ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ, ನಮಗೆ ತಿಳಿಯುವುದೂ ಇಲ್ಲ. ಅಗ್ಗದ್ದರಲ್ಲಿ ಈ ಸೋರಿಕೆಗೆ ಲಂಗುಲಗಾಮು ಇರುವುದಿಲ್ಲ.

ಮಲ್ಟಿಮೀಟರ್ ಇದ್ದರೆ ವೈರನ್ನು ಗೋಡೆಯಿಂದಲೂ ಅಡಾಪ್ಟರ್‌ನಿಂದಲೂ ಬಿಚ್ಚಿ, ಬೀಪ್ ಶಬ್ದದ ಮೋಡ್‌ನಲ್ಲಿ ಒಂದು ಕಡ್ಡಿಯನ್ನು ದಪ್ಪ ಕಾಲಿಗೆ, ಇನ್ನೊಂದನ್ನು ಆ ಕಡೆಯ ಮೂರನೇ ತೂತಿಗೆ ಮುಟ್ಟಿಸಿ. ಬೀಪ್ ಬಾರದಿದ್ದರೆ ಆ ವೈರು ಬೇಡ. ವೈರು ಸರಿಯಿದ್ದೂ ಜುಮುಗುಟ್ಟುತ್ತಿದ್ದರೆ ಮನೆಯ ಪ್ಲಗ್ ಪಾಯಿಂಟಿಗೆ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಅದೂ ಸರಿಯಿದ್ದು ಇನ್ನೂ ಹೊಡೆಯುತ್ತಿದ್ದರೆ, ಅಥವಾ ಜುಮುಗುಟ್ಟುವುದನ್ನು ಮೀರಿ ಕೈ ಎಳೆದುಕೊಳ್ಳುವಷ್ಟು ಶಾಕ್ ಬಂದರೆ, ಆ ಚಾರ್ಜರನ್ನು ಆ ಕ್ಷಣವೇ ನಿಲ್ಲಿಸಿ. ಪ್ಲಗ್ ಕೀಳುವ ಮೊದಲು ಸ್ವಿಚ್ ಆಫ್ ಮಾಡಿ.

ಹಂತ 5: ಮೊದಲ ದಿನ ಮನೆಯಲ್ಲಿ

ಲ್ಯಾಪ್‌ಟಾಪ್‌ಗೆ ಚುಚ್ಚುವ ಮೊದಲು ವೋಲ್ಟೇಜ್ ಅಳೆಯಿರಿ. ಮೀಟರನ್ನು ಡಿಸಿ 200ರ ಮೇಲಿಡಿ. 20ರ ಮೇಲಿಟ್ಟರೆ 20 ವೋಲ್ಟಿನ ಚಾರ್ಜರ್‌ಗೆ ಹಲವು ಅಗ್ಗದ ಮೀಟರ್‌ಗಳು ಬರೀ 1 ಎಂದು ತೋರಿಸಿ ಸುಮ್ಮನಾಗುತ್ತವೆ. ಕಪ್ಪು ಕಡ್ಡಿ ಪಿನ್ನಿನ ಹೊರ ಮೈಗೆ, ಕೆಂಪು ಕಡ್ಡಿ ಒಳ ಗೋಡೆಗೆ. ನಡುವಿನ ಸೂಜಿಗೂ ಒಳಗೋಡೆಗೂ ಕಡ್ಡಿ ತಾಗಿ ಶಾರ್ಟ್ ಆದರೆ ಗುರುತಿನ ಚಿಪ್ ಸುಟ್ಟುಹೋಗಬಹುದು, ಆದ್ದರಿಂದ ಸೂಜಿಯಿರುವ ಪಿನ್ನುಗಳನ್ನು ಅಭ್ಯಾಸವಿಲ್ಲದವರು ಅಳೆಯಲು ಹೋಗುವುದು ಬೇಡ, ಪರಿಚಯದ ಮೆಕ್ಯಾನಿಕ್ ಕೈಲಿ ಕೊಡಿ. ಲೇಬಲ್ಲಿನ ಅಂಕಿಗೂ ಮೀಟರಿನ ಅಂಕಿಗೂ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. 19.5 ಎಂದಿದ್ದರೆ ಸುಮಾರು 18.5ರಿಂದ 20.5ರೊಳಗೆ. ಅಂಕಿ ಕುಣಿಯುತ್ತಿದ್ದರೂ ಬೇಡ. ಇದರಲ್ಲಿ ಪಾಸಾದದ್ದೆಲ್ಲ ಒಳ್ಳೆಯದು ಎಂದಲ್ಲ, ಏಕೆಂದರೆ ಭಾರ ಬಿದ್ದಾಗ ಏನಾಗುತ್ತದೆ ಎಂದು ಇದರಲ್ಲಿ ತಿಳಿಯದು.

ಅದಕ್ಕೆ ಮುಂದಿನ ಒಂದು ಗಂಟೆ ಬೇಕು. ಬ್ಯಾಟರಿ ಅರ್ಧಕ್ಕಿಂತ ಕೆಳಗಿರುವಾಗ ಚಾರ್ಜಿಗೆ ಹಾಕಿ, ಜೊತೆಗೆ ಒಂದು ವಿಡಿಯೋ ಓಡಿಸಿ, ಪಕ್ಕದಲ್ಲೇ ಕೂತಿರಿ. ಅಡಾಪ್ಟರ್ ಬೆಚ್ಚಗಾಗುವುದು ಸಹಜ. ಅಂಗೈ ಇಟ್ಟು ಕೆಲವು ಸೆಕೆಂಡು ಹಿಡಿಯಲಾರದಷ್ಟು ಸುಟ್ಟರೆ, ಪ್ಲಾಸ್ಟಿಕ್ ಬೆಂದ ವಾಸನೆ ಬಂದರೆ, ಚಿರ್ರೆನ್ನುವ ಸದ್ದು ಕೇಳಿದರೆ ಅದು ಸಹಜವಲ್ಲ. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ: ಬ್ಯಾಟರಿಯಲ್ಲಿ ನೆಟ್ಟಗೆ ಓಡುವ ಕರ್ಸರ್ ಚಾರ್ಜರ್ ಹಾಕಿದ ಕೂಡಲೇ ಎಗರಾಡತೊಡಗಿದರೆ, ಕರೆಂಟಿನಲ್ಲಿರುವ ಗದ್ದಲ ಹಾಗೇ ಒಳಗೆ ಬರುತ್ತಿದೆ ಎಂದು ಅರ್ಥ. ಆ ಸೋಸುವ ಕಾಯಿಲ್ ಬದಲು ತಂತಿ ಬೆಸೆದಿದ್ದರ ಫಲ ಇದು. ಹೆಡ್‌ಫೋನ್‌ನಲ್ಲಿ ಗುಂಯ್ ಎನ್ನುವ ಸದ್ದು ಬಂದರೂ ಇದೇ ಕಾರಣ ಇರಬಹುದು.

ಬ್ಯಾಟರಿ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. ಡೂಪ್ಲಿಕೇಟ್ ಚಾರ್ಜರ್ ಬ್ಯಾಟರಿಗೆ ಹೆಚ್ಚು ಕರೆಂಟ್ ತುಂಬಿ ಊದಿಸುತ್ತದೆ ಎನ್ನುತ್ತಾರೆ. ಬ್ಯಾಟರಿಗೆ ಎಷ್ಟು ತುಂಬಬೇಕು ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಒಳಗಿನ ಚಾರ್ಜಿಂಗ್ ಐಸಿ ಎಂಬ ಚಿಪ್, ಹೊರಗಿನ ಅಡಾಪ್ಟರ್ ಅಲ್ಲ. ಅಗ್ಗದ ಚಾರ್ಜರ್ ಮೊದಲು ಕೊಲ್ಲುವುದು ಆ ಐಸಿಯನ್ನು, ಅದರ ಮುಂದೆ ಕಾವಲಿರುವ ಮಾಸ್‌ಫೆಟ್ ಎಂಬ ಪುಟ್ಟ ಸ್ವಿಚ್‌ಗಳನ್ನು. ಅವು ಕೂತಿರುವುದು ಮದರ್‌ಬೋರ್ಡ್ ಮೇಲೆ. ಚಾರ್ಜರ್‌ನಲ್ಲಿ ಉಳಿಸಿದ ದುಡ್ಡಿನ ಹಲವು ಪಟ್ಟು ಅಲ್ಲಿ ಖರ್ಚಾಗುತ್ತದೆ. ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅದಕ್ಕೆ ವಯಸ್ಸು, ಬಿಸಿ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಆಗ ಬಳಸುವುದು ನಿಲ್ಲಿಸಿ ಸರ್ವಿಸ್‌ಗೆ ಒಯ್ಯಿರಿ, ಒತ್ತಲು ಚುಚ್ಚಲು ಹೋಗಬೇಡಿ.

ಟೈಪ್-ಸಿ ಲ್ಯಾಪ್‌ಟಾಪ್ ಆದರೆ

ಇಲ್ಲಿ ಹೊರಗಿನ ಕಂಪನಿಯ ಚಾರ್ಜರ್ ಕೊಳ್ಳುವುದು ಎಷ್ಟೋ ಸಲೀಸು. ಯುಎಸ್‌ಬಿ ಪವರ್ ಡೆಲಿವರಿ ಪದ್ಧತಿಯಲ್ಲಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಲ್ಯಾಪ್‌ಟಾಪ್ ಜೊತೆ ಮಾತಾಡಿಕೊಂಡ ಮೇಲೆ 9, 15, 20 ವೋಲ್ಟ್‌ಗೆ ಏರುತ್ತದೆ. 2021ರ 3.1 ಆವೃತ್ತಿಯಿಂದ 48 ವೋಲ್ಟ್, 240 ವ್ಯಾಟ್‌ವರೆಗೂ ದಾರಿಯಿದೆ.

ಇಲ್ಲಿ ಕೈಕೊಡುವುದು ಕೇಬಲ್. ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿಗೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಕೆಟ್ಟ ಕೇಬಲ್ ಏನು ಮಾಡಬಹುದು ಎಂಬುದು 2016ರಲ್ಲೇ ಗೊತ್ತಾಗಿದೆ. ಟೈಪ್-ಸಿ ಕೇಬಲ್‌ಗಳನ್ನು ಪರೀಕ್ಷಿಸುತ್ತಿದ್ದ ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಒಂದು ಕಳಪೆ ಕೇಬಲ್‌ನಿಂದಲೇ ಕೆಟ್ಟುಹೋಯಿತು. ಅದರಲ್ಲಿ ಪವರ್ ಮತ್ತು ಗ್ರೌಂಡ್ ತಂತಿಗಳು ಅದಲುಬದಲಾಗಿದ್ದವು.

ಎರಡು ಮೂರು ಪೋರ್ಟ್ ಇರುವ '65 ವ್ಯಾಟ್' ಚಾರ್ಜರ್ ಕೊಳ್ಳುವಾಗ ಡಬ್ಬಿಯ ಸಣ್ಣಕ್ಷರ ಓದಿ. ಪಕ್ಕದ ಪೋರ್ಟಿಗೆ ಫೋನ್ ಹಾಕಿದ ಕೂಡಲೇ ಹಲವು ಚಾರ್ಜರ್‌ಗಳಲ್ಲಿ ಲ್ಯಾಪ್‌ಟಾಪ್ ಪಾಲು 45ಕ್ಕೆ ಇಳಿಯುತ್ತದೆ.

ಸಿಡಿಲು, ನ್ಯೂಟ್ರಲ್, ಹಾಸಿಗೆ

ಯುಗಾದಿ ಕಳೆದು ಗುಡುಗು ಮಳೆ ಶುರುವಾದರೆ ಸಾಕು, ಮಲೆನಾಡಿನ ಕಡೆಯಿಂದ ಸುಟ್ಟ ಲ್ಯಾಪ್‌ಟಾಪ್ ಬರತೊಡಗುತ್ತವೆ. ಬೀದಿಯ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ನುಗ್ಗಬಹುದು. ಅಂಥ ಹೊತ್ತಲ್ಲಿ ಒಳ್ಳೆಯ ಅಡಾಪ್ಟರ್ ತನ್ನ ಫ್ಯೂಸ್ ಸುಟ್ಟುಕೊಂಡು ತಾನು ಸಾಯುತ್ತದೆ, ಲ್ಯಾಪ್‌ಟಾಪ್ ಉಳಿಸುತ್ತದೆ. ಫ್ಯೂಸ್ ಜಾಗದಲ್ಲಿ ತಂತಿ ಬೆಸೆದದ್ದು ಹೊತ್ತಿಕೊಳ್ಳುತ್ತದೆ. ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ, ಬ್ಯಾಟರಿಯಲ್ಲಿ ಕೆಲಸ ಮಾಡಿ. ಯಾವ ಸ್ಪೈಕ್ ಗಾರ್ಡೂ ಹತ್ತಿರದ ಸಿಡಿಲನ್ನು ತಡೆಯುವುದಿಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಹಾಕಿಕೊಂಡರೆ ಮುನ್ನೆಚ್ಚರಿಕೆ ಸಿಗುತ್ತದೆ.

ಅಡಾಪ್ಟರನ್ನು ಹಾಸಿಗೆ, ರಗ್ಗು, ದಿಂಬಿನ ಮೇಲೆ ಇಡಬೇಡಿ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಇದನ್ನು ಒತ್ತಿ ಹೇಳಿ: ರಾತ್ರಿಯಿಡೀ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಮಲಗುವುದು ಅವರಲ್ಲೇ ಹೆಚ್ಚು. ಹೊಗೆ ಕಂಡರೆ ಮೊದಲು ಮೇನ್ ಸ್ವಿಚ್ ಇಳಿಸಬೇಕು, ನೀರು ಎರಚಬಾರದು.

ಬಿಲ್ಲು, ದೂರು, ಹಳೆಯ ಚಾರ್ಜರ್

ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಬ್ರಾಂಡ್ ಮತ್ತು ಮಾಡೆಲ್ ನಂಬರ್ ಬರೆಸಿ. ಬರೀ 'ಲ್ಯಾಪ್‌ಟಾಪ್ ಚಾರ್ಜರ್' ಎಂದಿದ್ದರೆ ನಾಳೆ ಏನೂ ಸಾಬೀತಾಗದು. ಲ್ಯಾಪ್‌ಟಾಪ್ ವಾರಂಟಿಯಲ್ಲಿದ್ದರೆ ಕಂಪನಿಯದೇ ಚಾರ್ಜರ್ ತೆಗೆದುಕೊಳ್ಳಿ. ಹೊರಗಿನ ಚಾರ್ಜರ್‌ನಿಂದ ಆದ ಹಾನಿಗೆ ಕಂಪನಿ ವಾರಂಟಿ ನಿರಾಕರಿಸಬಹುದು. ನಕಲಿ ಮಾರಿದವರು ವಾಪಸ್ ತೆಗೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಐಎಸ್ ಗುರುತಿನ ದುರುಪಯೋಗವನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರಬಹುದು. ಲೇಬಲ್ಲಿನ ಫೋಟೋ ಇದ್ದರೆ ದೂರಿಗೆ ಬಲ ಬರುತ್ತದೆ.

ಇನ್ನು ಆ ಕೆಟ್ಟ ಚಾರ್ಜರ್. ಅದನ್ನು ಗುಜರಿಯವರಿಗೆ ಇದ್ದಂತೆಯೇ ಕೊಟ್ಟರೆ ವೈರು ಬದಲಾಗಿ ಮತ್ತೊಬ್ಬರ ಮನೆ ಸೇರಬಹುದು. ಗೋಡೆಯಿಂದ ಕಿತ್ತು, ಒಂದು ದಿನ ಹಾಗೇ ಬಿಟ್ಟು, ಎರಡೂ ಕಡೆಯ ವೈರನ್ನು ಡಬ್ಬಿಯ ಬುಡಕ್ಕೇ ಕತ್ತರಿಸಿ. ಆಮೇಲೆ ಹಸಿಕಸ-ಒಣಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.